ಸಂಬಂಧ ಬಿಟ್ಟು ಕೊಟ್ಟರೂ ಬೆನ್ನು ಬಿಡದ ರೋಗಗಳು

"ಸಂಬಂಧದಾಗ ಮಾಡ್ಕೊಂಡೀರೇನು?" ಮಗುವಿನಲ್ಲಿ ಹುಟ್ಟಿನಿಂದ ಬಂದ ತೊಂದರೆ ಏನಾದರೂ ಕಂಡರೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಎಲ್ಲರ ಬಾಯಿಗೂ ಮೊದಲು ಬರುವ ಪ್ರಶ್ನೆ ಇದು. ಡಾಕ್ಟರು ಕೇಳುತ್ತಾರೆ, ಓಣಿಯವರು ಕೇಳುತ್ತಾರೆ, ಬೀಗರೂ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಸೋದರಿಕೆ ಈ ಭಾಗದಲ್ಲಿ ಇನ್ನೂ ಗಟ್ಟಿಯಾಗಿಯೇ ಇದೆ. ಹೊಲ ಒಡೆಯಬಾರದು, ಮಗಳು ಕಣ್ಣೆದುರಿಗಿರಬೇಕು, ಬೀಗತನ ಹಳಸಬಾರದು ಎಂಬ ಲೆಕ್ಕ ಅದರ ಹಿಂದಿದೆ. ಇದು ಉತ್ತರ ಕರ್ನಾಟಕದ ಮಾತಷ್ಟೇ ಅಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಒಂದು ಲಕ್ಷಕ್ಕೂ ಮಿಕ್ಕಿ ಕೂಸುಗಳ ತಂದೆತಾಯಿಯ ನಂಟು ವಿಚಾರಿಸಿದ್ದರು. ಅಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದೇ ಆಗಿತ್ತು.

ತೊಂದರೆ ಇರುವುದು, ಆ ಒಂದು ಪ್ರಶ್ನೆಗೇ ವಿಚಾರಣೆ ಮುಗಿಸಿಬಿಡುವುದರಲ್ಲಿ. "ಇಲ್ಲರೀ, ದೂರದಿಂದ ತಂದೀವಿ" ಎಂದು ಉತ್ತರ ಬಂದರೆ, ಹಾಗಾದರೆ ಇದು ವಂಶದ್ದಲ್ಲ ಎಂದು ಎಲ್ಲರೂ ನಿರಾಳರಾಗುತ್ತಾರೆ. "ಹೌದು" ಎಂದರೆ ಕಾರಣ ಸಿಕ್ಕಿತೆಂದು ಸುಮ್ಮನಾಗುತ್ತಾರೆ. ಎರಡೂ ಸಲ ಒಂದು ದೊಡ್ಡ ಗುಂಪಿನ ರೋಗಗಳು ಕಣ್ತಪ್ಪಿಸಿಕೊಂಡು ಹೋಗುತ್ತವೆ. ಸಂಬಂಧದೊಳಗೆ ಮದುವೆಯಾದರೇನು, ಬಿಟ್ಟರೇನು, ಅವು ಬರುವ ದಾರಿಯೇ ಬೇರೆ. ವೈದ್ಯಕೀಯದಲ್ಲಿ ಅವುಗಳಿಗೆ ಆಟೋಸೋಮಲ್ ಡಾಮಿನೆಂಟ್ ಎಂದು ಹೆಸರು. ನಮ್ಮ ಶಾಲಾ ಪುಸ್ತಕದ ಮಾತಿನಲ್ಲಿ, ಪ್ರಬಲ ಗುಣದ ಅನುವಂಶೀಯ ರೋಗಗಳು.

ಜೀವಕೋಶದೊಳಗೆ 23 ಜೋಡಿ ವರ್ಣತಂತುಗಳಿವೆ. ಒಂದು ಜೋಡಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುತ್ತದೆ. ಉಳಿದ 22 ಜೋಡಿಗೆ ಆ ಭೇದವಿಲ್ಲ, ಅವೇ ಆಟೋಸೋಮ್‌ಗಳು. ಅವುಗಳ ಮೇಲಿನ ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಹಲವು ರೋಗಗಳಲ್ಲಿ ಒಂದು ಪ್ರತಿ ಕೆಟ್ಟರೂ ಇನ್ನೊಂದು ಸಂಭಾಳಿಸಿಕೊಂಡು ಹೋಗುತ್ತದೆ. ಕೆಟ್ಟ ಪ್ರತಿ ಹೊತ್ತವರಿಗೆ ಅದರ ಸುಳಿವೇ ಇರುವುದಿಲ್ಲ. ಅಂಥ ಕೆಟ್ಟ ಪ್ರತಿ ಗಂಡ, ಹೆಂಡತಿ ಇಬ್ಬರಲ್ಲೂ ಇದ್ದು, ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಸಿಕ್ಕರೆ ಮಾತ್ರ ರೋಗ ಹೊರಬೀಳುತ್ತದೆ. ಒಬ್ಬನೇ ಅಜ್ಜನಿಂದ ಅದು ಇಬ್ಬರಿಗೂ ಬಂದಿರಬಹುದಾದ ಸೋದರಿಕೆಯ ಮದುವೆಯಲ್ಲಿ ಹೆಚ್ಚುವುದು ಈ ದುರ್ಬಲ ಗುಣದ ರೋಗಗಳ ಅಪಾಯ. ಥಲಸ್ಸೀಮಿಯಾ, ಹಲವು ಬಗೆಯ ಹುಟ್ಟು ಕಿವುಡು ಇದೇ ಸಾಲಿನವು.

ಪ್ರಬಲ ಗುಣದ ರೋಗಕ್ಕೆ ಇಬ್ಬರ ಕೈ ಸೇರಬೇಕಿಲ್ಲ. ಒಂದೇ ಪ್ರತಿ ಕೆಟ್ಟರೆ ಸಾಕು. ಅಪ್ಪನಿಗೋ ಅವ್ವನಿಗೋ ಒಬ್ಬರಿಗಿದ್ದರೆ ಸಾಕು. ಆ ಒಬ್ಬರು ಪ್ರತಿ ಮಗುವಿಗೂ ತಮ್ಮ ಎರಡು ಪ್ರತಿಗಳಲ್ಲಿ ಯಾವುದೋ ಒಂದನ್ನು ಕೊಡುತ್ತಾರೆ. ಹಾಗಾಗಿ ಪ್ರತಿ ಹೆರಿಗೆಯಲ್ಲೂ ಅಪಾಯ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಸೊಸೆಯನ್ನು ಬೀಳಗಿಯಿಂದ ತನ್ನಿ, ಬೀದರಿನಿಂದ ತನ್ನಿ, ಮಗನ ದೇಹದಲ್ಲಿರುವ ಕೆಟ್ಟ ಪ್ರತಿ ಅಷ್ಟಕ್ಕೇ ಬದಲಾಗುವುದಿಲ್ಲ.

ಈ ಅರ್ಧದ ಲೆಕ್ಕದಲ್ಲಿ ಮನೆಮಂದಿ ತಪ್ಪುವುದು ಸಾಮಾನ್ಯ. ಮೊದಲ ಮಗುವಿಗೆ ಬಂತಲ್ಲ, ಇನ್ನು ಎರಡನೆಯದಕ್ಕೆ ಬರಲಿಕ್ಕಿಲ್ಲ ಎಂದುಕೊಳ್ಳುತ್ತಾರೆ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ, ಹಿಂದಿನ ಮಗು ಮುಂದಿನದರ ಪಾಲನ್ನು ತೀರಿಸುವುದಿಲ್ಲ. ಇಬ್ಬರು ಮಕ್ಕಳಾದರೆ ಇಬ್ಬರೂ ಪಾರಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಇಬ್ಬರಿಗೂ ಬರುವ ಸಾಧ್ಯತೆಯೂ ಅಷ್ಟೇ. ಇದರ ಇನ್ನೊಂದು ಮುಖ ಸಮಾಧಾನದ್ದು. ಕೆಟ್ಟ ಪ್ರತಿ ಬಾರದ ಮಗುವಿನಲ್ಲಿ ಆ ಸಾಲು ಅಲ್ಲಿಗೇ ಮುಗಿಯುತ್ತದೆ. ಅದರ ಮಕ್ಕಳು ಮೊಮ್ಮಕ್ಕಳಿಗೆ ಆ ಮನೆತನದ ರೋಗದ ಹೆದರಿಕೆ ಬೇಡ.

ಮನುಷ್ಯರಲ್ಲಿ ಈ ಲೆಕ್ಕ ಮೊದಲು ಕೈಗೆ ಸಿಕ್ಕಿದ್ದು ಗಿಡ್ಡ ಬೆರಳುಗಳಿಂದ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೆರಳು ಮೊಟಕಾಗಿರುವುದನ್ನು ವಿಲಿಯಂ ಫಾರಬೀ 1905ರಲ್ಲಿ ಪ್ರಕಟಿಸಿದ. ಮೆಂಡೆಲ್ ಬಟಾಣಿಯಲ್ಲಿ ಕಂಡ ಪ್ರಬಲ ಗುಣ ಮನುಷ್ಯನಲ್ಲೂ ಅದೇ ಪ್ರಮಾಣದಲ್ಲಿ ಇಳಿದು ಬರುತ್ತದೆ ಎಂಬುದಕ್ಕೆ ಅದು ಮೊದಲ ಸಾಕ್ಷಿಯಾಯಿತು.

ನಮ್ಮ ರಾಜ್ಯದ ಸಾಕ್ಷಿ ಹೆಚ್ಚು ಸಂಕಟದ್ದು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರು 1970ರ ದಶಕದ ನಡುವಿನಲ್ಲಿ ಸುದ್ದಿಗೆ ಬಂತು. ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳಲ್ಲಿ ಹುಡುಗರು, ಹರೆಯದವರು ಸೊಂಟ, ಮೊಣಕಾಲು ನೋವೆಂದು ಕೂರುತ್ತಿದ್ದರು. ಬರಬರುತ್ತ ಸೊಂಟ ನೆಟ್ಟಗಾಗದು, ನಡಿಗೆ ವಾಲುತ್ತದೆ, ಕೋಲು ಬೇಕಾಗುತ್ತದೆ. ಕೆಲವರು ತೆವಳುವ ಹಂತಕ್ಕೆ ಬಂದರು. ಕೆಲವರ ಎತ್ತರವೇ ಕುಂಠಿತವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ರಮೇಶ ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ ಊರೂರು ಅಲೆದು ಅಧ್ಯಯನ ಮಾಡಿ 1977ರಲ್ಲಿ ಬರೆದ ಲೇಖನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು.

ಕಾರಣದ ಬಗ್ಗೆ ಅನುಮಾನಗಳು ಹಲವು ಕಡೆ ಹರಿದವು. ಆಗಷ್ಟೇ ಹೊಸ ತಳಿಯ ಭತ್ತ, ಅದರ ಬೆನ್ನಿಗೇ ಕೀಟನಾಶಕ ಬಂದಿದ್ದವು. ಔಷಧ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೇ ಹೀಗಾಯಿತು ಎಂಬ ಮಾತು ಬಲವಾಗಿ ಕೇಳಿಬಂತು. ಬಡವರ ಊಟ, ವಿಷದ ಗದ್ದೆ, ಮುರಿದ ಸೊಂಟ: ಮೂರನ್ನೂ ಜೋಡಿಸಿ ನೋಡಿದರೆ ಕಥೆ ನಂಬುವಂತೆಯೇ ಇತ್ತು. ಆದರೆ ರೋಗ ಆ ಗದ್ದೆಯಲ್ಲಿ ದುಡಿದ ಎಲ್ಲರನ್ನೂ ಹಿಡಿಯಲಿಲ್ಲ. ಕೆಲವು ಮನೆತನಗಳನ್ನು ಮಾತ್ರ ಹಿಡಿಯಿತು, ಆ ಮನೆತನಗಳಲ್ಲೂ ತಲೆಮಾರು ಬಿಡದೆ, ಗಂಡು ಹೆಣ್ಣೆನ್ನದೆ ಇಳಿದು ಬಂತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್.ಎಸ್. ಅಗರವಾಲ್ ಮತ್ತು ಸಂಗಡಿಗರು ಎಕ್ಸ್-ರೇಗಳನ್ನು ಕೂಲಂಕಷ ಪರೀಕ್ಷಿಸಿ 1994ರಲ್ಲಿ ತಮ್ಮ ನಿಲುವು ಪ್ರಕಟಿಸಿದರು: ಇದು ಬೆನ್ನುಮೂಳೆ ಮತ್ತು ಉದ್ದ ಎಲುಬುಗಳ ತುದಿ ಸರಿಯಾಗಿ ಬೆಳೆಯದ, ಪ್ರಬಲ ಗುಣವಾಗಿ ಇಳಿಯುವ ಒಂದು ಹೊಸ ಬಗೆಯ ಅನುವಂಶೀಯ ರೋಗ. ಎಲುಬಿನ ತುದಿಯೇ ಸರಿಯಿಲ್ಲದಿದ್ದಾಗ ಕೀಲು ವಯಸ್ಸಿಗೆ ಮೊದಲೇ ಸವೆಯುತ್ತದೆ. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ಕೀಲುರೋಗಕ್ಕೂ ಇದಕ್ಕೂ ಬಹಳ ಹೋಲಿಕೆ ಇರುವುದನ್ನೂ ಸಂಶೋಧಕರು ಮುಂದೆ ಗುರುತಿಸಿದರು.

ಹಂದಿಗೋಡಿನ ಪಾಠ ಬಾಗಲಕೋಟೆ ಜಿಲ್ಲೆಗೂ ಬೇಕಾದದ್ದು. ಕೃಷ್ಣೆ, ಘಟಪ್ರಭೆಯ ದಂಡೆಯಲ್ಲಿ ಕಬ್ಬಿಗೆ ಹಾಕುವ ಗೊಬ್ಬರ, ಹೊಡೆಯುವ ಎಣ್ಣೆ, ಸವುಳು ನೀರು ಇವೆಲ್ಲ ನಿಜವಾದ ತೊಂದರೆಗಳೇ. ಆದ್ದರಿಂದಲೇ ಯಾವ ಬ್ಯಾನಿ ಬಂದರೂ ನೀರು ಕೆಟ್ಟೈತಿ, ಎಣ್ಣಿ ಹೊಡದದ್ದು ತಿಂದೀವಿ ಎನ್ನುವುದು ಸುಲಭವಾಗುತ್ತದೆ. ಅದೇ ನೀರು ಕುಡಿದ ಪಕ್ಕದ ಮನೆಯವರಿಗೆ ಏನೂ ಆಗದೆ, ಒಂದೇ ಮನೆಯ ಅಜ್ಜ, ಅಪ್ಪ, ಮಗ, ಅತ್ತೆಯ ಮಗಳು ಒಂದೇ ರೀತಿ ನರಳುತ್ತಿದ್ದರೆ ನೋಡಬೇಕಾದದ್ದು ಬಾವಿಯನ್ನಲ್ಲ, ಮನೆತನವನ್ನು. ಮನೆತನ ನೋಡುವುದೆಂದರೆ ದೋಷ ಹೊರಿಸುವುದಲ್ಲ. ಜೀನಿನ ತಪ್ಪು ಯಾವ ಜಾತಿ, ಯಾವ ಮತದ ಸ್ವತ್ತೂ ಅಲ್ಲ. ಒಬ್ಬ ಪೂರ್ವಿಕನಲ್ಲಿ ಹುಟ್ಟಿದ ತಪ್ಪು, ಒಳಗೊಳಗೇ ಕೊಟ್ಟು ತರುವ ಸಣ್ಣ ಸಮುದಾಯದಲ್ಲಿ ಉಳಿದು ಹೆಚ್ಚುತ್ತದೆ, ಅಷ್ಟೇ.

ಒಂದು ಪ್ರತಿ ಸರಿಯಿದ್ದರೂ ಯಾಕೆ ಸಾಲದು? ಇದಕ್ಕೆ ಎಲುಬು ಪುಡಿಯಾಗುವ ರೋಗವೊಂದು ಸೊಗಸಾದ ಉತ್ತರ ಕೊಡುತ್ತದೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಈ ರೋಗದಲ್ಲಿ ಮಗು ಮಗ್ಗುಲು ಬದಲಿಸಿದರೂ ಎಲುಬು ಮುರಿಯಬಹುದು, ಹಲವರ ಕಣ್ಣಿನ ಬಿಳಿ ಭಾಗ ನೀಲಿ ಛಾಯೆಗಿರುತ್ತದೆ. ಎಲುಬಿಗೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆ ಹೊಸೆದ ಹಗ್ಗದಂತಿದೆ. ಎರಡು ಎಳೆ ಒಂದು ಜೀನಿನಿಂದ, ಮೂರನೆಯದು ಇನ್ನೊಂದು ಜೀನಿನಿಂದ. ಮೊದಲ ಜೀನಿನ ಒಂದು ಪ್ರತಿ ಕೆಟ್ಟು ಬಾಯಿಮುಚ್ಚಿಕೊಂಡರೆ ಎಳೆಗಳು ಅರ್ಧಕ್ಕಿಳಿಯುತ್ತವೆ. ಹಗ್ಗ ಕಡಿಮೆಯಾಗುತ್ತದೆ, ಆದರೆ ಹೊಸೆದಷ್ಟೂ ಗಟ್ಟಿ. ರೋಗ ಸೌಮ್ಯ. ಅದೇ ಪ್ರತಿ ಸುಮ್ಮನಿರದೆ ಸೊಟ್ಟ ಎಳೆಗಳನ್ನು ಮಾಡಿ ಕಳಿಸಿದರೆ? ಅರ್ಧ ಎಳೆ ಒಳ್ಳೆಯವು, ಅರ್ಧ ಕೆಟ್ಟವು. ಒಂದು ಹಗ್ಗಕ್ಕೆ ಅಂಥ ಎಳೆ ಎರಡು ಬೇಕು. ಎರಡೂ ಒಳ್ಳೆಯವೇ ಬೀಳುವುದು ನಾಲ್ಕು ಹಗ್ಗಕ್ಕೆ ಒಂದರಲ್ಲಿ ಮಾತ್ರ. ಉಳಿದ ಮೂರರಲ್ಲಿ ಒಂದಾದರೂ ಸೊಟ್ಟ ಎಳೆ ಸೇರಿ ಇಡೀ ಹಗ್ಗ ಕೆಡುತ್ತದೆ. ಅರ್ಧ ಕೆಟ್ಟ ಸಾಮಾನು ಮುಕ್ಕಾಲು ಪಾಲು ಹಾಳು ಮಾಡಿತು. ಏನೂ ಮಾಡದ ಪ್ರತಿಗಿಂತ ತಪ್ಪು ಮಾಡುವ ಪ್ರತಿಯೇ ಹೆಚ್ಚು ಕೇಡು.

ಎಲ್ಲ ಪ್ರಬಲ ರೋಗಗಳೂ ಹೀಗೇ ಕೆಲಸ ಮಾಡುವುದಿಲ್ಲ. ಕೆಲವಲ್ಲಿ ಕೊರತೆಯೇ ರೋಗ. ರಕ್ತದ ಕೆಟ್ಟ ಕೊಬ್ಬನ್ನು ಯಕೃತ್ತಿನೊಳಗೆ ಸೆಳೆದುಕೊಳ್ಳುವ ಗ್ರಾಹಕಗಳು ಅರ್ಧಕ್ಕಿಳಿದರೆ ಎಲ್‌ಡಿಎಲ್ ಕೊಬ್ಬು ಹುಟ್ಟಿನಿಂದಲೇ ಎರಡು ಪಟ್ಟಿನಷ್ಟಾಗುತ್ತದೆ. ಈ ವಂಶಪಾರಂಪರ್ಯ ಕೊಲೆಸ್ಟರಾಲ್ ರೋಗದ ಮೂಲ ಹುಡುಕುತ್ತ ಹೋದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ಬಂತು. ಇನ್ನು ಕೆಲವಲ್ಲಿ ಅತಿಯಾಟವೇ ರೋಗ. ಕೈಕಾಲು ಗಿಡ್ಡವಾಗಿ, ತಲೆ ದೊಡ್ಡದಾಗಿ ಹುಟ್ಟುವ ಕುಬ್ಜತೆ ಅಕಾಂಡ್ರೋಪ್ಲೇಸಿಯಾ. ಅದರಲ್ಲಿ ಎಲುಬಿಗೆ "ಬೆಳೆದದ್ದು ಸಾಕು" ಎಂದು ಹೇಳುವ ಎಫ್‌ಜಿಎಫ್‌ಆರ್3 ಎಂಬ ಜೀನು ಹೊತ್ತುಗೊತ್ತಿಲ್ಲದೆ ಅದನ್ನೇ ಹೇಳುತ್ತಿರುತ್ತದೆ. ಬಹುತೇಕ ಎಲ್ಲ ರೋಗಿಗಳಲ್ಲೂ ಆ ಜೀನಿನ ಒಂದೇ ಜಾಗದ ಒಂದೇ ಅಕ್ಷರ ಬದಲಾಗಿರುತ್ತದೆ ಎಂಬುದು 1994ರಲ್ಲಿ ಗೊತ್ತಾಯಿತು.

ಇಷ್ಟು ಸರಳ ಲೆಕ್ಕದ ರೋಗ ಹಾಗಾದರೆ ಮನೆಮಂದಿಗೆ ಯಾಕೆ ಗುರುತು ಸಿಗುವುದಿಲ್ಲ? ನಾಲ್ಕು ಕಾರಣಗಳಿವೆ.

ಮೊದಲನೆಯದು, ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಅದು ಹುಟ್ಟಬಹುದು. ಅಕಾಂಡ್ರೋಪ್ಲೇಸಿಯಾ ಇರುವ ನೂರು ಮಕ್ಕಳಲ್ಲಿ ಸುಮಾರು 80 ಮಕ್ಕಳ ತಂದೆತಾಯಿ ಸಾಮಾನ್ಯ ಎತ್ತರದವರೇ. ಅಪ್ಪನ ವೀರ್ಯಾಣುವಿನಲ್ಲಿ ಹೊಸದಾಗಿ ಆದ ಅಕ್ಷರದೋಷ ಅದು, ಅಪ್ಪನ ವಯಸ್ಸು ಹೆಚ್ಚಿದಂತೆ ಅದರ ಸಾಧ್ಯತೆಯೂ ಹೆಚ್ಚುತ್ತದೆ. ಇಂಥ ಮನೆಯಲ್ಲಿ ಬಾಣಂತಿಯನ್ನು "ತವರುಮನಿ ರಕ್ತಾನ ಸರಿ ಇಲ್ಲ" ಎಂದು ಹಂಗಿಸುವುದು ಕ್ರೂರವೂ ಹೌದು, ವಿಜ್ಞಾನದ ಪ್ರಕಾರ ಸುಳ್ಳೂ ಹೌದು. ತಂದೆತಾಯಿಯ ಮುಂದಿನ ಮಗುವಿಗೆ ಅಪಾಯ ಬಹಳ ಕಡಿಮೆ. ಆದರೆ ಆ ಮಗು ಬೆಳೆದು ಮದುವೆಯಾದಾಗ ಅದರ ಮಕ್ಕಳಿಗೆ ಅರ್ಧದ ಲೆಕ್ಕ ಶುರುವಾಗುತ್ತದೆ.

ಎರಡನೆಯದು, ಒಂದೇ ಜೀನಿನ ತಪ್ಪು ಒಂದೇ ಮನೆಯಲ್ಲಿ ನಾನಾ ವೇಷ ಹಾಕುತ್ತದೆ. ನ್ಯೂರೋಫೈಬ್ರೊಮಟೋಸಿಸ್ ಎಂಬ ರೋಗ ಸುಮಾರು 3000 ಜನರಲ್ಲಿ ಒಬ್ಬರಿಗಿರುತ್ತದೆ. ಅಪ್ಪನ ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಐದಾರು ಮಚ್ಚೆ ಇದ್ದು ಅಷ್ಟಕ್ಕೇ ನಿಂತಿರಬಹುದು. ಮಗಳ ಮೈತುಂಬ ಮೆತ್ತನೆ ಗಂಟುಗಳೇಳಬಹುದು, ಬೆನ್ನು ಸೊಟ್ಟಗಾಗಬಹುದು. ಮಚ್ಚೆಯೂ ಗಂಟೂ ಒಂದೇ ಬೇರಿನವು ಎಂದು ಯಾರಿಗೂ ಹೊಳೆಯುವುದಿಲ್ಲ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಇಂಥವರು ಎದುರಾದರೆ ಜನ ಸರಿದು ಕೂರುತ್ತಾರೆ. ಅದು ಅಂಟುವ ರೋಗವಲ್ಲ, ಕುಷ್ಠವೂ ಅಲ್ಲ.

ಮೂರನೆಯದು, ಕೆಲವರು ಕೆಟ್ಟ ಪ್ರತಿ ಹೊತ್ತೂ ಆರೋಗ್ಯವಾಗಿಯೇ ಇರುತ್ತಾರೆ. ಕೈಗೆ ಆರನೇ ಬೆರಳು ಬರುವ ಗುಣ ಎಷ್ಟೋ ಮನೆತನಗಳಲ್ಲಿ ಹೀಗೆ. ಅಜ್ಜಿಗಿತ್ತು, ಮಗನಿಗಿಲ್ಲ, ಮೊಮ್ಮಗಳಿಗೆ ಬಂತು. ಆರು ಬೆರಳು ಅದೃಷ್ಟವೆಂದು ಬೀಗುವ ನಾವು ನಡುವಿನ ಮಗನಲ್ಲೂ ಆ ಜೀನು ಇತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆರಳಿನಲ್ಲಿ ಇದು ಆಟ, ಮುಂದೆ ಹೇಳಲಿರುವ ಕಣ್ಣಿನ ಕ್ಯಾನ್ಸರಿನಲ್ಲಿ ಪ್ರಾಣದ ಮಾತು.

ನಾಲ್ಕನೆಯದು, ರೋಗ ತಡವಾಗಿ ಬರುತ್ತದೆ. ಹಂಟಿಂಗ್ಟನ್ ಕಾಯಿಲೆ ಸಾಮಾನ್ಯವಾಗಿ ತಲೆಯೆತ್ತುವುದು 30ರಿಂದ 50ರ ವಯಸ್ಸಿನ ನಡುವೆ. ಕೈಕಾಲು ತಾವಾಗಿಯೇ ಕುಣಿಯುತ್ತವೆ, ಸಿಟ್ಟು, ಖಿನ್ನತೆ, ಮರೆವು ಒಂದರ ಹಿಂದೊಂದು ಬರುತ್ತವೆ. ದೆವ್ವ ಹೊಕ್ಕಿದೆಯೆಂದೋ ಕುಡಿದು ಹೀಗಾದನೆಂದೋ ಊರು ತೀರ್ಮಾನಿಸುತ್ತದೆ. ಅಷ್ಟರಲ್ಲಿ ಆತನಿಗೆ ಮಕ್ಕಳಾಗಿ ಅವೂ ಮದುವೆಗೆ ಬಂದಿರುತ್ತವೆ. ನಾಲ್ಕನೇ ವರ್ಣತಂತುವಿನ ತುದಿಯಲ್ಲಿರುವ ಆ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯರಲ್ಲಿ ಈ ಸಾಲು 26ರೊಳಗೆ ಇರುತ್ತದೆ, 40 ದಾಟಿದರೆ ಆಯುಷ್ಯ ಸಾಕಷ್ಟಿದ್ದವರಿಗೆ ರೋಗ ತಪ್ಪಿದ್ದಲ್ಲ. ತಂದೆಯಿಂದ ಇಳಿಯುವಾಗ ಈ ಸಾಲು ಇನ್ನಷ್ಟು ಉದ್ದವಾಗಿ ಮಕ್ಕಳಿಗೆ ಬೇಗ ಬರುವುದೂ ಉಂಟು. ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಮೀನುಗಾರ ಮನೆತನಗಳ ವಂಶವೃಕ್ಷವನ್ನು ನ್ಯಾನ್ಸಿ ವೆಕ್ಸ್ಲರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬರೆದದ್ದರಿಂದಲೇ 1983ರಲ್ಲಿ ಜೀನಿನ ಜಾಡು, 1993ರಲ್ಲಿ ಜೀನೇ ಸಿಕ್ಕಿತು.

ಪ್ರಯೋಗಾಲಯಕ್ಕೂ ಮೊದಲು ಕೆಲಸಕ್ಕೆ ಬಂದದ್ದು ವಂಶವೃಕ್ಷ ಎಂಬುದನ್ನು ಗಮನಿಸಬೇಕು. ಇವತ್ತಿಗೂ ತಳಿವೈದ್ಯರು ರಕ್ತ ತೆಗೆಯುವ ಮುಂಚೆ ಹಾಳೆ ತೆಗೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಇದ್ದವರಿಗೆ ಕಪ್ಪು ತುಂಬುತ್ತಾರೆ, ತೀರಿಕೊಂಡವರ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಕಡಿಮೆಯೆಂದರೂ ಮೂರು ತಲೆಮಾರು. ಕಪ್ಪು ಗುರುತು ಪ್ರತಿ ಸಾಲಿನಲ್ಲೂ ಕಂಡು, ಗಂಡು ಹೆಣ್ಣು ಇಬ್ಬರಲ್ಲೂ ಇದ್ದು, ಅಪ್ಪನಿಂದ ಮಗನಿಗೂ ಇಳಿದಿದ್ದರೆ ಪ್ರಬಲ ಗುಣದ ರೋಗವೆಂಬ ಅನುಮಾನ ಗಟ್ಟಿಯಾಗುತ್ತದೆ. ಇಷ್ಟಕ್ಕೆ ಬೇಕಾದದ್ದು ಒಂದು ಪೆನ್ನು ಮತ್ತು ಮನೆಯ ಹಿರಿಯರ ನೆನಪು.

ನೆನಪಿನ ವಿಷಯದಲ್ಲಿ ನಮ್ಮ ಭಾಗ ಬಡವಲ್ಲ. ಎತ್ತು ಕಟ್ಟಿಕೊಂಡು, ಹಳೆಯ ವಹಿ ಹಿಡಿದು ಮನೆಬಾಗಿಲಿಗೆ ಬಂದು ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಹೇಳಿ ಕಾಳು ಪಡೆದು ಹೋಗುವ ಹೆಳವರು ಇನ್ನೂ ಇದ್ದಾರೆ. ಮೂಲ ಊರು ಯಾವುದು, ಮನೆದೇವರು ಯಾರು, ಯಾರು ಯಾವಾಗ ಬೇರೆಯಾದರು ಎಲ್ಲ ಅವರ ವಹಿಯಲ್ಲಿದೆ. ತಳಿವೈದ್ಯರ ಹಾಳೆಗೆ ಹೋಲಿಸಿದರೆ ಅದರಲ್ಲಿ ಎರಡು ಸಂಗತಿ ಕಡಿಮೆ. ಅದು ಮುಖ್ಯವಾಗಿ ಗಂಡುಸಂತಾನದ ಸಾಲು ಹಿಡಿದು ನಡೆಯುತ್ತದೆ, ಹೆಣ್ಣುಮಕ್ಕಳು ಕೊಟ್ಟ ಮನೆಗೆ ಹೋದ ಮೇಲೆ ಅವರ ಮಕ್ಕಳು ಬೇರೆ ವಹಿಗೆ ಸೇರಿಬಿಡುತ್ತಾರೆ. ಎರಡನೆಯದು, ಯಾರು ಯಾತರಿಂದ ತೀರಿಕೊಂಡರು ಎಂಬುದು ಅಲ್ಲಿಲ್ಲ. ನಾವೂ ಹಾಗೆಯೇ. ಮನೆತನವೆಂದರೆ ಗಂಡುಮಕ್ಕಳ ಸಾಲು ಎಂದುಕೊಂಡು, ಅಥಣಿಗೋ ಲೋಕಾಪುರಕ್ಕೋ ಕೊಟ್ಟ ಅತ್ತೆಯ ಮಕ್ಕಳಿಗೂ ಅದೇ ಬ್ಯಾನಿ ಇದೆ ಎಂಬುದನ್ನು ಮರೆಯುತ್ತೇವೆ. ಜೀನಿಗೆ ತವರುಮನೆ, ಅತ್ತೆಮನೆ ಎಂಬುದಿಲ್ಲ.

ಜನ ಚದುರಿದ್ದೂ ಇದಕ್ಕೆ ಸೇರಿಕೊಂಡಿದೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟ ಬೀಳಗಿ ತಾಲ್ಲೂಕಿನ ಮನೆಗಳು ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದವು. ರಬಕವಿ-ಬನಹಟ್ಟಿಯ ನೇಕಾರ ಮನೆತನಗಳ ಕಳ್ಳುಬಳ್ಳಿ ಇಳಕಲ್, ಗುಳೇದಗುಡ್ಡದಿಂದ ಸೊಲ್ಲಾಪುರ, ಇಚಲಕರಂಜಿವರೆಗೂ ಹಬ್ಬಿದೆ. ಒಂದೇ ವಾಡೆಯಲ್ಲಿದ್ದಾಗ ಕಣ್ಣಿಗೆ ಬೀಳುತ್ತಿದ್ದ ಹೋಲಿಕೆ ಈಗ ನಾಲ್ಕು ಊರಿನ ನಾಲ್ಕು ಡಾಕ್ಟರರ ಚೀಟಿಯಲ್ಲಿ ನಾಲ್ಕು ಹೆಸರಿನಲ್ಲಿ ಉಳಿಯುತ್ತದೆ.

ತಿಳಿದು ಮಾಡುವುದೇನು, ಹಣೆಬರಹ ತಪ್ಪುತ್ತದೇನು ಎಂದು ಕೇಳುವವರಿಗೆ ಕೆಲವು ರೋಗಗಳನ್ನು ಹೆಸರಿಸಿ ಉತ್ತರ ಕೊಡಬಹುದು. ರೆಟಿನೋಬ್ಲಾಸ್ಟೋಮಾ ಎಂಬುದು ಎಳೆಯ ಮಕ್ಕಳ ಕಣ್ಣಿನ ಕ್ಯಾನ್ಸರ್. ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಪಾಪೆ ಕೆಂಪಗೆ ಕಾಣುವ ಬದಲು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ಅದೇ ಮೊದಲ ಸುಳಿವು. ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳಲ್ಲಿ ಇದು ಅನುವಂಶೀಯ ಬಗೆಯದು. ಆರ್‌ಬಿ1 ಎಂಬ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಕಣ್ಣಿನ ಯಾವುದೋ ಒಂದು ಕೋಶದಲ್ಲಿ ಎರಡನೆಯದೂ ಕೆಟ್ಟಾಗ ಗಡ್ಡೆ ಶುರುವಾಗುತ್ತದೆ. ಈ ಎರಡು ಪೆಟ್ಟಿನ ತರ್ಕವನ್ನು ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಮುಂದಿಟ್ಟ. ಬೇಗ ಹಿಡಿದರೆ ಪ್ರಾಣ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಮನೆಯಲ್ಲಿ ಒಂದು ಮಗುವಿಗೆ ಬಂದಿದ್ದರೆ ಅದರ ತಮ್ಮ ತಂಗಿಯರ ಕಣ್ಣನ್ನು ಹುಟ್ಟಿದ ಕೂಡಲೇ ತೋರಿಸಬೇಕು.

ಮಾರ್ಫಾನ್ ಇನ್ನೊಂದು. ಸಪೂರ ಎತ್ತರದ ಮೈ, ಜೇಡನಂಥ ಉದ್ದ ಬೆರಳು, ಜಾರಿದ ಕಣ್ಣಿನ ಮಸೂರ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಳಗೊಳಗೇ ಹಿಗ್ಗಿ ಒಂದು ದಿನ ಸೀಳಬಹುದು. ಒಲಿಂಪಿಕ್ ಪದಕ ಗೆದ್ದಿದ್ದ ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಕುಸಿದು ತೀರಿಕೊಂಡದ್ದು ಹೀಗೆಯೇ, ರೋಗ ಗೊತ್ತಾದದ್ದು ಸತ್ತ ಮೇಲೆ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಚೀಲ ಹೊರುವ ಪಂದ್ಯಕ್ಕೆ ಇಂಥ ಮೈಕಟ್ಟಿನ ಹುಡುಗನನ್ನು ಇಳಿಸುವ ಮುಂಚೆ, ಅವನ ಅಪ್ಪನೋ ಕಾಕಾನೋ ಸಣ್ಣ ವಯಸ್ಸಿನಲ್ಲಿ ಎದೆನೋವೆಂದು ಒಮ್ಮೆಲೇ ಹೋಗಿದ್ದಾರೆಯೇ ಎಂದು ಕೇಳಿಕೊಂಡರೆ ಒಂದು ಜೀವ ಉಳಿದೀತು. ವರ್ಷಕ್ಕೊಂದು ಎಕೋ, ಅಗ್ಗದ ರಕ್ತದೊತ್ತಡದ ಗುಳಿಗೆ, ಬೇಕಾದಾಗ ಶಸ್ತ್ರಚಿಕಿತ್ಸೆ ಇವು ಮಾರ್ಫಾನ್ ಇರುವವರ ಆಯುಷ್ಯವನ್ನು ಬಹಳ ಹೆಚ್ಚಿಸಿವೆ.

ಸೋದರಿಕೆಯ ಮದುವೆ ಪ್ರಬಲ ರೋಗಗಳಿಗೂ ಒಂದು ಕಡೆ ತಾಗುತ್ತದೆ. ಒಂದೇ ಮನೆತನದ ರೋಗವಿರುವ ಇಬ್ಬರು ಪರಸ್ಪರ ಮದುವೆಯಾದರೆ ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಪ್ರತಿ ಕೆಟ್ಟವೇ ಸಿಗುತ್ತವೆ. ಕೊಲೆಸ್ಟರಾಲ್ ರೋಗದಲ್ಲಿ ಇದರ ಅರ್ಥ ಭಯಂಕರ. ಒಂದು ಪ್ರತಿ ಕೆಟ್ಟವರು ಸುಮಾರು 250ರಿಂದ 300 ಜನರಲ್ಲಿ ಒಬ್ಬರಿದ್ದಾರೆ. ಅವರಲ್ಲಿ ಹಲವರಿಗೆ ನಲ್ವತ್ತು ಐವತ್ತರ ಸುಮಾರಿಗೆ ಹೃದಯಾಘಾತ ಕಾದಿರುತ್ತದೆ, ಸ್ಟ್ಯಾಟಿನ್ ಗುಳಿಗೆ ಅದನ್ನು ಮುಂದೂಡಬಲ್ಲದು. ಎರಡೂ ಕೆಟ್ಟ ಮಗುವಿಗೆ ಎಳವೆಯಲ್ಲೇ ಮೊಣಕೈ, ಮೊಣಕಾಲು, ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಹಳದಿ ಗಂಟುಗಳೇಳುತ್ತವೆ, ಹತ್ತು ಹದಿನೈದರ ವಯಸ್ಸಿಗೇ ಹೃದಯಾಘಾತವಾಗಬಹುದು. ಅಂದರೆ ಸಂಬಂಧ ಬಿಡುವುದರಿಂದ ಪ್ರಬಲ ರೋಗ ಮನೆ ಬಿಟ್ಟು ಹೋಗುವುದಿಲ್ಲ, ಆದರೆ ರೋಗ ಇರುವ ಮನೆತನ ಮತ್ತೆ ಒಳಗೇ ಕೊಟ್ಟು ತಂದರೆ ಅದು ಇಮ್ಮಡಿಸುತ್ತದೆ.

ಎಲ್ಲ ರೋಗಕ್ಕೂ ಮದ್ದಿಲ್ಲ ಎಂಬುದೂ ನಿಜ. ಹಂಟಿಂಗ್ಟನ್ ಇರುವವನ ಆರೋಗ್ಯವಂತ ಮಗಳಿಗೆ ರಕ್ತ ಪರೀಕ್ಷೆಯಿಂದ ಇಪ್ಪತ್ತು ವರ್ಷ ಮುಂಚೆಯೇ ತನ್ನ ಪಾಲು ತಿಳಿಯಬಹುದು. ತಿಳಿಯಲೇಬೇಕೆಂದಿಲ್ಲ. ಅದು ಅವಳ ಹಕ್ಕು, ನೋಡಲು ಬಂದ ಬೀಗರದ್ದಲ್ಲ. ಅದಕ್ಕಾಗಿಯೇ ಇಂಥ ಪರೀಕ್ಷೆಗೆ ಮೊದಲು ಮತ್ತು ನಂತರ ಸಮಾಲೋಚನೆ ಕಡ್ಡಾಯವೆಂಬ ಪದ್ಧತಿ ಇದೆ. ಮಕ್ಕಳಲ್ಲಿ, ಸಣ್ಣ ವಯಸ್ಸಿನಲ್ಲೇ ಏನಾದರೂ ಮಾಡಿ ತಪ್ಪಿಸಬಹುದಾದ ರೋಗಕ್ಕೆ ಮಾತ್ರ ಪರೀಕ್ಷೆ, ಉಳಿದದ್ದಕ್ಕೆ ಅವರು 18 ದಾಟಿ ತಾವೇ ತೀರ್ಮಾನಿಸಲಿ ಎಂಬುದು ವೈದ್ಯರ ನಿಯಮ. ಮನೆತನದ ರೋಗ ಬಯಲಾದರೆ ಹೆಣ್ಣುಮಕ್ಕಳಿಗೆ ವರ ಸಿಗುವುದಿಲ್ಲ ಎಂಬ ಹೆದರಿಕೆ ಸುಳ್ಳಲ್ಲ. ಆದರೆ ಮುಚ್ಚಿಟ್ಟ ರೋಗ ಮದುವೆಯಾದ ಮೇಲೆ ಹೊರಬಿದ್ದಾಗ ಬೀಳುವ ಹೊಡೆತವೂ ಅದೇ ಹೆಣ್ಣುಮಗಳ ಮೇಲೆಯೇ. ಹೇಳಬೇಕಾದದ್ದು ಊರಿಗಲ್ಲ, ಅಪಾಯ ಇರುವ ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ ಮತ್ತು ಡಾಕ್ಟರಿಗೆ.

ಹೋಗುವುದೆಲ್ಲಿಗೆ? ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಾಗಿದೆ. ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ 2022ರಿಂದ ಅವಕಾಶವಿದೆ. ಎಲುಬು ಮುರಿಯುವ ರೋಗಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಚಿಕಿತ್ಸೆಯೂ ಪಟ್ಟಿಯಲ್ಲಿದೆ. ನರಮಂಡಲದ ಅನುವಂಶೀಯ ರೋಗಗಳಿಗೆ ನಿಮ್ಹಾನ್ಸ್ ಇದೆ, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ತಳಿವೈದ್ಯಕೀಯದ ವಿಭಾಗವೇ ಇದೆ. ಜಮಖಂಡಿಯವರಿಗೆ ಇವೆಲ್ಲ ಒಂದು ರಾತ್ರಿಯ ಬಸ್ಸಿನ ದೂರ, ಒಂದು ವಾರದ ಕೂಲಿ ಹೋಗುವ ಮಾತು.

ಅದಕ್ಕೇ ಮೊದಲ ಹೆಜ್ಜೆ ತಾಲ್ಲೂಕಿನಲ್ಲೇ ಆಗಬೇಕು. ಮೂರು ತಲೆಮಾರಿನ ವಂಶವೃಕ್ಷ ಬರೆಯಲು ತಳಿತಜ್ಞರೇ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ದಾದಿಗೆ, ಮನೆ ಮನೆ ಬಲ್ಲ ಆಶಾ ಕಾರ್ಯಕರ್ತೆಗೆ ಒಂದೆರಡು ದಿನದ ತರಬೇತಿ ಸಾಕು. ಅವ್ವನ ಕಡೆಯ ಸಾಲನ್ನೂ ಬಿಡದೆ ಬರೆದು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಗುರುತು ಹಾಕಿದ ಆ ಹಾಳೆ ಕೈಯಲ್ಲಿದ್ದರೆ ಬೆಂಗಳೂರಿಗೆ ಯಾರು ಹೋಗಬೇಕು, ಯಾರು ಹೋಗಬೇಕಿಲ್ಲ ಎಂಬುದು ಇಲ್ಲೇ ಇತ್ಯರ್ಥವಾಗುತ್ತದೆ. ಸಾವಿರಾರು ರೂಪಾಯಿಯ ಜೀನ್ ಪರೀಕ್ಷೆಯನ್ನೂ ಮನೆಮಂದಿಗೆಲ್ಲ ಮಾಡಬೇಕಿಲ್ಲ. ಮೊದಲು ರೋಗ ಇರುವ ಒಬ್ಬರಲ್ಲಿ ತಪ್ಪು ಎಲ್ಲಿದೆ ಎಂದು ಪತ್ತೆಯಾದರೆ, ಉಳಿದವರಲ್ಲಿ ಆ ಒಂದು ಜಾಗ ನೋಡಿದರೆ ಸಾಕು, ಖರ್ಚು ಬಹಳ ಇಳಿಯುತ್ತದೆ. ಜಿಲ್ಲಾ ಆರೋಗ್ಯ ಇಲಾಖೆ ತಿಂಗಳಿಗೊಮ್ಮೆಯಾದರೂ ಬಾಗಲಕೋಟೆಗೆ ಒಬ್ಬ ತಳಿ ಸಮಾಲೋಚಕರನ್ನು ಕರೆಸುವ ವ್ಯವಸ್ಥೆ ಮಾಡಲಿ. ಅಲ್ಲಿಯವರೆಗೆ ಕಾಯಬೇಕಾದದ್ದೇನೂ ಇಲ್ಲ. ಮುಂದಿನ ಮದುವೆಗೋ ತೊಟ್ಟಿಲಿಗೋ ಕಳ್ಳುಬಳ್ಳಿಯವರೆಲ್ಲ ಸೇರಿದಾಗ, ಊಟವಾದ ಮೇಲೆ ಹಿರಿಯರನ್ನು ಕೂರಿಸಿಕೊಂಡು ಆ ಹಾಳೆಯನ್ನು ಯಾರು ಬೇಕಾದರೂ ಶುರು ಮಾಡಬಹುದು.